ಕಟ್ಟಡವಿಲ್ಲದ ಕಾಲೇಜಿನ ಸುದ್ದಿ

ನಮ್ಮ ತಾತನಿಗೆ ವಕೀಲರನ್ನು ಕಂಡರೆ ಅಷ್ಟಕ್ಕಷ್ಟೆ. ಸ್ವಂತ ಮಗನೇ ತಿಪಟೂರು ಕೋರ್ಟಿನಲ್ಲಿ ಕರಿಕೋಟು ಹಾಕುತ್ತಿದ್ದರೂ. ತೋಟದ ಬದುವಿನ ದಾವೆಯೊಂದು ವಾಯಿದೆಯಿಂದ ವಾಯಿದೆಗೆ ಎಳೆದಾಡಿ ಅವನನ್ನು ಹಣ್ಣು ಮಾಡಿತ್ತು.

1988ರ ಮಾಗಿ. ಅಟ್ಟದಲ್ಲಿ ವರ್ಷದ ಹತ್ತಿರ ಒಣಗಿದ ಕಾಯಿ ಸುಲಿದು, ಚಿಪ್ಪು ಬಿಡಿಸಿ, ಉಂಡೆ ಕೊಬ್ಬರಿಯನ್ನು ಚೀಲಕ್ಕೆ ತುಂಬಿದ್ದಾಗಿತ್ತು. ಅಂಗಳದಲ್ಲಿ ಚಿಪ್ಪಿನ ಬೆಂಕಿ ಹಾಕಿಕೊಂಡು ಕೂತಿದ್ದೆವು. ಹೈಕೋರ್ಟ್ ಕೆಲಸಕ್ಕೆಂದು ಬೆಂಗಳೂರಿಗೆ ಹೋಗಿದ್ದ ಚಿಕ್ಕಪ್ಪ ಆಗಷ್ಟೇ ಬಂದ.

"ಅಪ್ಪಾ, ಸೆಂಟ್ರಲ್ ಕಾಲೇಜಿನ ಆವರಣದಲ್ಲಿ ಹೊಸ ಲಾ ಸ್ಕೂಲ್ ಶುರುವಾಗೈತೆ. ಎಲ್ಲೆಲ್ಲಿಂದಲೋ ಹುಡುಗರು ಪರೀಕ್ಷೆ ಬರೆದು ಬಂದವ್ರೆ. ಪಿಯುಸಿ ಆದ್ಮೇಲೆ ನೇರ ಐದು ವರ್ಷದ ಓದು."

"ಸ್ವಂತ ಕಟ್ಟಡ?"

"ಇನ್ನೂ ಇಲ್ಲ."

"ಕಟ್ಟಡ ಇಲ್ಲದ ಕಾಲೇಜು!" ತಾತ ಬೆಂಕಿಗೆ ಎರಡು ಚಿಪ್ಪು ಎಸೆದ.

ಚಿಕ್ಕಪ್ಪ ಬಿಡಲಿಲ್ಲ. ಅವನು ಲಾ ಓದಿದ್ದು ಡಿಗ್ರಿ ಆದ ಮೇಲೆ, ಹಗಲು ಗುಮಾಸ್ತಿಕೆ ಮಾಡಿಕೊಂಡು, ಸಂಜೆ ತರಗತಿಯಲ್ಲಿ. ಮೇಷ್ಟ್ರು ನೋಟ್ಸ್ ಹೇಳುವುದು, ಇವರು ಬರೆದುಕೊಳ್ಳುವುದು. ಇಲ್ಲಿ ಹಾಗಲ್ಲವಂತೆ. ತೀರ್ಪನ್ನು ಮೊದಲೇ ಓದಿಕೊಂಡು ಬರಬೇಕು. ಮೇಷ್ಟ್ರು ಪ್ರಶ್ನೆ ಹಾಕುತ್ತಾರೆ, ಹುಡುಗರು ವಾದಿಸಬೇಕು. ಕಾನೂನಿನ ಜೊತೆಗೆ ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ. ಬಡವರಿಗೆ ಕಾನೂನು ನೆರವು ಕೊಡುವುದೂ ಪಾಠದ ಭಾಗ.

ಇದನ್ನು ಕಟ್ಟಿದವರು ಎನ್. ಆರ್. ಮಾಧವ ಮೆನನ್. 1935ರಲ್ಲಿ ತಿರುವನಂತಪುರದಲ್ಲಿ ಹುಟ್ಟಿ, ಅಲಿಗಢದಲ್ಲಿ ಡಾಕ್ಟರೇಟ್ ಪಡೆದು, ದೆಹಲಿ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದವರು. ಭಾರತೀಯ ವಕೀಲರ ಪರಿಷತ್ತು ಬೆನ್ನಿಗೆ ನಿಂತಿತ್ತು. ಕರ್ನಾಟಕದಲ್ಲಿ 1986ರಲ್ಲೇ ಅದಕ್ಕೊಂದು ಕಾಯ್ದೆ ಆಗಿತ್ತು.

ತಾತ ಎಲ್ಲ ಕೇಳಿಸಿಕೊಂಡು ಅಂದ: "ಪ್ರಶ್ನೆ ಕೇಳೋದು ಕಲಿಸ್ತಾರೆ ಅಂದ್ಯಲ್ಲ. ನಮ್ಮ ಬದು ಎಲ್ಲಿಂದ ಎಲ್ಲಿಗೈತೆ ಅಂತ ಇಷ್ಟು ವರ್ಷದಲ್ಲಿ ಒಬ್ಬ ವಕೀಲನಾದ್ರೂ ತೋಟಕ್ಕೆ ಬಂದು ಕೇಳಿದ್ನಾ? ನೀನು ಕೇಳಿದ್ಯಾ?"

ಚಿಕ್ಕಪ್ಪ ಮಾತಾಡಲಿಲ್ಲ. ಬೆಳಗಾಗುತ್ತಲೇ ಪಂಚೆ ಎತ್ತಿಕಟ್ಟಿ ತೋಟಕ್ಕಿಳಿದು, ತಾತನನ್ನು ಮುಂದಿಟ್ಟುಕೊಂಡು ಬದುವಿನುದ್ದಕ್ಕೂ ನಡೆದ.

ಮೆನನ್ 1998ರವರೆಗೆ ಬೆಂಗಳೂರಿನಲ್ಲಿದ್ದರು. ಅಷ್ಟರಲ್ಲಿ ನಾಗರಭಾವಿಯಲ್ಲಿ ಕಟ್ಟಡವೂ ಎದ್ದಿತ್ತು. ಆಮೇಲೆ ಕೋಲ್ಕತ್ತದಲ್ಲಿ ಇನ್ನೊಂದು ಕಾನೂನು ವಿಶ್ವವಿದ್ಯಾಲಯ ಕಟ್ಟಿದರು. ಭೋಪಾಲದ ಅಕಾಡೆಮಿಯಲ್ಲಿ ನ್ಯಾಯಾಧೀಶರ ತರಬೇತಿಯ ಹೊಣೆ ಹೊತ್ತರು. 2019ರ ಮೇ 8ರಂದು ಅವರು ತೀರಿಕೊಂಡಾಗ ಬೆಂಗಳೂರಿನ ಮಾದರಿಯ ಕಾನೂನು ವಿಶ್ವವಿದ್ಯಾಲಯಗಳು ದೇಶದಲ್ಲಿ ಇಪ್ಪತ್ತಕ್ಕೂ ಹೆಚ್ಚಿದ್ದವು. ಮರುವರ್ಷ ಮರಣೋತ್ತರ ಪದ್ಮಭೂಷಣ ಬಂತು.

ಅಲ್ಲಿ ಓದಿದವರು ಮಹಾನಗರದ ದೊಡ್ಡ ಕಂಪನಿಗಳಿಗೆ ಹೋಗುತ್ತಾರೆ, ತಾಲ್ಲೂಕು ಕೋರ್ಟಿನತ್ತ ತಿರುಗಿಯೂ ನೋಡುವುದಿಲ್ಲ ಎಂಬ ದೂರು ಇದ್ದೇ ಇದೆ. ಆದರೆ ಆ ತರಗತಿಯ ಗಾಳಿ ನಮ್ಮ ಮನೆಯವರೆಗೂ ಬೀಸಿತ್ತು. ಚಿಕ್ಕಪ್ಪ ಆಮೇಲೆ ಜಮೀನಿನ ವ್ಯಾಜ್ಯ ಬಂದಾಗಲೆಲ್ಲ ಜಾಗ ನೋಡಿ, ಅಕ್ಕಪಕ್ಕದವರನ್ನು ಕೇಳಿಯೇ ವಕಾಲತ್ತು ಹಾಕುತ್ತಿದ್ದ. ಕಕ್ಷಿದಾರರು ಮಾತ್ರ ಗೊಣಗುತ್ತಿದ್ದರು: "ಫೀಸೂ ನಾವೇ ಕೊಡಬೇಕು, ಪಾಟೀಸವಾಲೂ ನಮಗೇನಾ?"