ಲಯಸಂಧಾನ

ಕಳೆದ ವೈಶಾಖದಲ್ಲಿ ಹಾಸನದಲ್ಲಿ ನಡೆದ ಬಂಧುಗಳೊಬ್ಬರ ಮಗಳ ಆರತಕ್ಷತೆಯ ಸಂಜೆ ಹಾಡು ಹಾಕುವ ಹೊಣೆಯನ್ನು ನನ್ನ ಮಗಳ ಮಗನು ಹೊತ್ತಿದ್ದನು. ಇಂಥವರನ್ನು ಈಗ ಡಿ.ಜೆ. ಎನ್ನುತ್ತಾರೆ. ಒಂದು ಹಾಡು ಮುಗಿಯುವ ಮುನ್ನವೇ ಇನ್ನೊಂದನ್ನು ಅದರೊಳಕ್ಕೆ ಸೇರಿಸಿ, ಕುಣಿಯುವವರ ಹೆಜ್ಜೆ ತಪ್ಪದಂತೆ ದಾಟಿಸುವುದು ಆ ವಿದ್ಯೆಯ ತಿರುಳು. ಅಂದು ಹಾಡುಗಳು ಸೇರಲಿಲ್ಲ. ಇಕ್ಕಟ್ಟಿನ ಓಣಿಯಲ್ಲಿ ಎದುರಾದ ಗಾಡಿಗಳಂತೆ ತಗುಲಿಕೊಂಡವು. ಕುಣಿಯುತ್ತಿದ್ದವರು ನಿಂತರು, ಕೆಲವರು ನಕ್ಕರು. ನಾನಾದರೂ ಸುಮ್ಮನಿರಬಹುದಾಗಿತ್ತು. ನಾಲ್ಕು ಜನ ಕೇಳುವಂತೆ, "ಲಯಜ್ಞಾನವಿಲ್ಲದವನಿಗೆ ಈ ಉಸಾಬರಿ ಏಕೆ?" ಎಂದುಬಿಟ್ಟೆನು. ಹುಡುಗನು ಊಟಕ್ಕೂ ನಿಲ್ಲದೆ ಹೋದನು. ಮತ್ತೆ ಕೊರವಂಗಲದ ಕಡೆ ತಲೆ ಹಾಕಲಿಲ್ಲ.

ದಸರೆಯ ರಜೆಯಲ್ಲಿ ಅವನ ತಾಯಿ ಬಲವಂತದಿಂದ ಕರೆತಂದಳು. ಯಂತ್ರವೂ ಜೊತೆಗೇ ಬಂದಿತು: ತಿರುಗುವ ಎರಡು ತಟ್ಟೆಗಳು, ನಡುವೆ ಮೇಲೆ ಕೆಳಗೆ ಸರಿಯುವ ಗುಂಡಿಗಳು. ಒಂದು ಕಿವಿಗೆ ಹೆಡ್‌ಫೋನು. ಇನ್ನೊಂದು ಕಿವಿ ಬಯಲಿಗೆ. ಮೂರು ದಿನ ಪತ್ರಿಕೆಯ ಮರೆಯಿಂದ ನೋಡಿದೆನು. ಬೂಚೇಶ್ವರನ ಗುಡಿಯ ಕಡೆ ತಿರುಗಾಡಿ ಬಂದ ನಾಲ್ಕನೆಯ ಸಂಜೆ ತಡೆಯಲಾರದೆ, "ಅದೇನು ಮಾಡುತ್ತೀಯೆ?" ಎಂದೆನು.

ಅವನು ಮುನಿಸನ್ನು ಮರೆತು ವಿವರಿಸಿದನು. ಒಂದು ಹಾಡಿಗೆ ನಿಮಿಷಕ್ಕೆ 120 ಪೆಟ್ಟು, ಇನ್ನೊಂದಕ್ಕೆ 126. ಎರಡನ್ನೂ ಒಟ್ಟಿಗೆ ಬಿಟ್ಟರೆ ಐದೇ ಸೆಕೆಂಡಿನಲ್ಲಿ ಅರ್ಧ ಪೆಟ್ಟಿನ ಅಂತರವಾಗಿ, ಒಂದರ ಪೆಟ್ಟು ಇನ್ನೊಂದರ ಮೌನದ ಮೇಲೆ ಬೀಳುತ್ತದೆ. ಮೊದಲನೆಯದನ್ನು ನೂರಕ್ಕೆ ಐದರಷ್ಟು ಚುರುಕು ಮಾಡಿದರೆ ವೇಗ ಸಮವಾಗುತ್ತದೆ. ಹಳೆಯ ತಟ್ಟೆಗಳಲ್ಲಿ ಹಾಗೆ ಮಾಡಿದರೆ ಶ್ರುತಿಯೂ ಅರ್ಧಸ್ವರದ ಸಮೀಪಕ್ಕೆ ಏರುತ್ತಿತ್ತು. ಈಗಿನ ಯಂತ್ರವು ಶ್ರುತಿಯನ್ನು ಹಿಡಿದಿಡಬಲ್ಲುದು. 1969ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ಫ್ರಾನ್ಸಿಸ್ ಗ್ರಾಸೊ ಎಂಬಾತನು ಈ ಜೋಡಣೆಯನ್ನು ಪ್ರಸಿದ್ಧಿಗೆ ತಂದನಂತೆ. 1972ರಲ್ಲಿ ಜಪಾನಿನಿಂದ ಟೆಕ್ನಿಕ್ಸ್ ಎಸ್‌ಎಲ್-1200 ಎಂಬ ತಟ್ಟೆಯಂತ್ರ ಬಂದಿತು. 1979ರ ಅದರ ಎರಡನೆಯ ಮಾದರಿಯಲ್ಲಿ ವೇಗವನ್ನು ನೂರಕ್ಕೆ ಎಂಟರವರೆಗೆ ಏರಿಸಿ ಇಳಿಸುವ ಜಾರುಗುಂಡಿಯಿತ್ತು.

ವೇಗ ಸಮವಾದ ಮಾತ್ರಕ್ಕೆ ಮುಗಿಯಲಿಲ್ಲ. ಎರಡನೆಯದು ಒಂದಿಷ್ಟು ಮುಂಚೆ ಹೊರಟರೂ ತಡವಾಗಿ ಹೊರಟರೂ ಆ ಅಂತರ ಕಡೆಯವರೆಗೂ ಉಳಿಯುತ್ತದೆ. ಇದನ್ನು ಕೇಳಿ ನನಗೆ ರೋಮಾಂಚನವಾಯಿತು. ಶಾರ್ಙ್ಗದೇವನು ಸಂಗೀತರತ್ನಾಕರದಲ್ಲಿ ಹೇಳುವ ಸಮ, ಅತೀತ, ಅನಾಗತವೆಂಬ ಗ್ರಹಗಳಲ್ಲವೆ ಇವು! ಹಾಡು ತಾಳಕ್ಕಿಂತ ಮೊದಲು ಹೊರಟರೆ ಅತೀತ, ಆಮೇಲೆ ಹೊರಟರೆ ಅನಾಗತ. ಅಲ್ಲಿ ಅವು ಚಮತ್ಕಾರ, ಇಲ್ಲಿ ದೋಷ.

"ತಾನಾಗಿಯೇ ಹೊಂದಿಸುವ ಗುಂಡಿಯೂ ಇದೆಯಂತಲ್ಲ?" ಎಂದೆನು. ಇದೆ, ಆದರೆ ಹಳೆಯ ಚಿತ್ರಗೀತೆಗಳಲ್ಲಿ ಕೈಯಿಂದಲೇ ಬಾರಿಸಿರುವುದರಿಂದ ಲಯವು ಅಲ್ಲಲ್ಲಿ ಓಡುತ್ತದೆ, ನಿಲ್ಲುತ್ತದೆ, ಅಲ್ಲಿ ಗುಂಡಿ ಎಡವುತ್ತದೆ. ಅಂದು ಆರತಕ್ಷತೆಯಲ್ಲಿ ಕೆಟ್ಟದ್ದೂ ಹಾಗೆಯೇ, ಎಂದು ಅವನು ತಲೆ ತಗ್ಗಿಸಿ ಹೇಳಿದನು. ಆಮೇಲೆ ಆ ಗುಂಡಿಯನ್ನು ಮುಟ್ಟಿಲ್ಲವಂತೆ.

ಅಡುಗೆಮನೆಯಿಂದ ನನ್ನಾಕೆ, "ಒಂದೇ ಒರಳಿಗೆ ಇಬ್ಬರು ಒನಕೆ ಹಾಕಿದ ಹಾಗೆ ಕಣೋ. ಎದುರಿನವಳ ಒನಕೆ ನೋಡುತ್ತ ಕೂತರೆ ತಪ್ಪುತ್ತದೆ, ಸದ್ದು ಕೇಳಬೇಕು" ಎಂದಳು. ಅವನು ಪರದೆಯ ಮೇಲಿನ ಗೆರೆಗಳನ್ನೇ ನೋಡುತ್ತಿದ್ದುದು ಆಗ ನನ್ನ ಗಮನಕ್ಕೆ ಬಂದಿತು. ಪಾಣಿನೀಯ ಶಿಕ್ಷೆಯು ಎಣಿಸುವ ಆರು ಮಂದಿ ಅಧಮಪಾಠಕರಲ್ಲಿ ಬರೆದುದನ್ನು ನೋಡಿ ಓದುವವನೂ ಒಬ್ಬನು, ಅವಸರದಿಂದ ಓದುವ ಶೀಘ್ರಿಯೂ ಒಬ್ಬನು, ತಲೆಯಾಡಿಸುವವನೂ ಒಬ್ಬನು ಎಂದೆನು. ಅವನು ನಕ್ಕು ಪರದೆಗೆ ಟವಲು ಮುಚ್ಚಿದನು. ತಲೆಯಾಡಿಸುವುದನ್ನು ಮಾತ್ರ ಬಿಡಲಾಗಲಿಲ್ಲ.

ಬಳಿಕ ನನ್ನನ್ನೇ ಕೂರಿಸಿದನು. ಪಾಠಶಾಲೆಯಲ್ಲಿ ಹತ್ತಾರು ಕೊರಳುಗಳ ನಡುವೆ ಓಡಿದವನನ್ನು ಗುರುತಿಸಲು ಕಲಿತ ಕಿವಿ ನನ್ನದು. ತಪ್ಪು ಕೂಡಲೇ ತಿಳಿಯಿತು. ಆದರೆ ಬೆರಳು ಮಾತು ಕೇಳದು. ಹಿಂದುಳಿದುದನ್ನು ತಳ್ಳಿದರೆ ಮುಂದೋಡಿತು, ತಡೆದರೆ ಹಿಂದೆ ಬಿದ್ದಿತು. ಅರ್ಧ ಗಂಟೆಯಲ್ಲಿ ಒಮ್ಮೆಯೂ ಸೇರಲಿಲ್ಲ.

"ತಾತ, ಈಗ ಶೀಘ್ರಿ ಯಾರು?"

ನಾನು ಎದ್ದು ಅವನಿಗೆ ಸ್ಥಳ ಬಿಟ್ಟೆನು. ಆ ಸಂಜೆ ನಾನಾಡಿದ ಮಾತು ಆಡಬಾರದ್ದಾಗಿತ್ತು ಎಂದೆನು. ಅವನು ಹಾಡನ್ನು ಮೊದಲಿನಿಂದ ಹಾಕುತ್ತಿದ್ದನು, ಉತ್ತರ ಕೊಡಲಿಲ್ಲ. ತೆರೆದಿದ್ದ ಕಿವಿ ಮಾತ್ರ ನನ್ನ ಕಡೆಗಿತ್ತು.