ಒಂದೇ ಕರೆಂಟು, ಎರಡು ಫಲ



ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಬಂಗಾಳಿ, ಕಾಲೇಜಿನಲ್ಲಿ ಇಂಗ್ಲಿಷ್ ನಿಭಾಯಿಸುವ ನಿಮಗೆ ಜೀನುಗಳ ಭಾಷೆಯ ಬಗ್ಗೆ ನಾಲ್ಕು ಮಾತು ಹೇಳಬೇಕೆನಿಸಿದೆ. ನಾನು ಓದಿದ್ದು ಬಿ.ಎ. ಇಂಗ್ಲಿಷ್. ಈ ವಿಷಯಕ್ಕೆ ನನ್ನನ್ನು ಎಳೆದದ್ದು ಮೈದುನನ ಕಾಯಿಲೆ.

ಅವನಿಗೆ ನಾಲಿಗೆಯ ಬುಡದಲ್ಲಿ ಕ್ಯಾನ್ಸರ್ ಗಡ್ಡೆ. ವಾರಕ್ಕೆ ಐದು ದಿನ, ದಿನಕ್ಕೆ 2 ಗ್ರೇಯಂತೆ 35 ದಿನ ಕರೆಂಟು ಕೊಟ್ಟರು. ಊರಿನಲ್ಲಿ ರೇಡಿಯೇಷನ್ನಿಗೆ ಹಾಗೇ ಅನ್ನುತ್ತೇವಲ್ಲ! ಸಾಲಿನಲ್ಲಿ ಪಕ್ಕದ ಕುರ್ಚಿಯ ಬಂಗಾಳಿ ದಾದಾಗೂ ಅದೇ ರೋಗ, ಅದೇ ಲೆಕ್ಕ. ಬಾಯಿ ಹುಣ್ಣಾಗಿ ಗಂಜಿಯೂ ಇಳಿಯದ ಸಂಕಟ ಇಬ್ಬರಿಗೂ ಸಮ. ಆದರೆ ನಮ್ಮವನ ಗಡ್ಡೆ ಕರಗಿತು, ಅವರದು ಕರಗಲಿಲ್ಲ. "ಮೆಷಿನ್ ಒಂದೇ ಅಲ್ಲವೇ ದೀದಿ?" ಎಂದು ಅವರ ಹೆಂಡತಿ ಕೇಳಿದಾಗ ನನಗೆ ಉತ್ತರ ತೋಚಲಿಲ್ಲ.

ಅಲಿಪುರಕ್ಕೆ ಹತ್ತಿರದ ಹಾಜ್ರಾದಲ್ಲಿರುವ ಚಿತ್ತರಂಜನ್ ಕ್ಯಾನ್ಸರ್ ಆಸ್ಪತ್ರೆಯನ್ನು 1950ರಲ್ಲಿ ಉದ್ಘಾಟಿಸಿದವರು ಮೇಡಂ ಕ್ಯೂರಿಯ ಮಗಳು ಐರೀನ್. ಅಂದಿನಿಂದ ಯಂತ್ರಗಳು ಎಷ್ಟೋ ಸುಧಾರಿಸಿವೆ. ಕಿರಣದ ಪ್ರಮಾಣವನ್ನು ಮಾತ್ರ ಇಂದಿಗೂ ಬಹುಮಟ್ಟಿಗೆ ರೋಗ ಯಾವುದು, ಯಾವ ಹಂತ ಎಂದು ನೋಡಿಯೇ ನಿರ್ಧರಿಸುತ್ತಾರೆ.

ಕಿರಣವು ಜೀವಕೋಶದ ಡಿ.ಎನ್.ಎ. ಎಳೆಯನ್ನು ಕತ್ತರಿಸುತ್ತದೆ. ಹರಿದದ್ದನ್ನು ಹೊಲಿದುಕೊಳ್ಳುವುದರಲ್ಲಿ ಕೆಲವು ಗಡ್ಡೆಗಳು ಬಹಳ ಚುರುಕು. ಈ ಚುರುಕನ್ನು ಮೊದಲೇ ಅಳೆಯಬಹುದೇ? ಅಮೆರಿಕದ ಮಾಫಿಟ್ ಕ್ಯಾನ್ಸರ್ ಕೇಂದ್ರದವರು ಪ್ರಯೋಗಶಾಲೆಯ 48 ಬಗೆಯ ಕ್ಯಾನ್ಸರ್ ಕೋಶಗಳನ್ನು ಪರೀಕ್ಷಿಸಿ, 10 ಜೀನುಗಳ ಚಟುವಟಿಕೆಯಿಂದ ಒಂದು ಅಂಕಿ ತೆಗೆಯುವ ಸೂತ್ರವನ್ನು 2009ರಲ್ಲಿ ಪ್ರಕಟಿಸಿದರು. 2017ರಲ್ಲಿ ಅದಕ್ಕೆ ಕಿರಣದ ಪ್ರಮಾಣವನ್ನೂ ಸೇರಿಸಿದರು. ಅಂದರೆ ಒಬ್ಬರಿಗೆ 70 ಗ್ರೇ ಹೆಚ್ಚಾಗಬಹುದು, ಇನ್ನೊಬ್ಬರಿಗೆ ಸಾಲದಿರಬಹುದು. ಇದು ಜಾತಕವಲ್ಲ, ಸಂಭವದ ಲೆಕ್ಕ. ನಮ್ಮ ರಕ್ತಪರೀಕ್ಷೆಯಂತೆ ಚೀಟಿ ಬರೆಸಿ ಮಾಡಿಸುವಷ್ಟು ಬಳಕೆಗೂ ಬಂದಿಲ್ಲ.

ಇನ್ನೊಂದು ತೊಡಕಿದೆ. ಪಶ್ಚಿಮದಲ್ಲಿ ಗಂಟಲಿನ ಕ್ಯಾನ್ಸರಿಗೆ ಅನೇಕ ವೇಳೆ ಎಚ್.ಪಿ.ವಿ. ವೈರಸ್ ಕಾರಣ, ಅಂಥದು ಕಿರಣಕ್ಕೆ ಬೇಗ ಬಗ್ಗುತ್ತದೆ. ನಮ್ಮಲ್ಲಿ ಬಾಯಿ-ಗಂಟಲ ಕ್ಯಾನ್ಸರಿಗೆ ಹೆಚ್ಚಾಗಿ ಹೊಗೆಸೊಪ್ಪು, ಅಡಿಕೆ, ಗುಟ್ಕಾ ಕಾರಣ. ಅಲ್ಲಿಯ ಸೂತ್ರ ಇಲ್ಲಿ ಹೊಂದುವುದೇ ಎಂದು ತಿಳಿಯಲು ನಮ್ಮವರ ಗಡ್ಡೆಗಳನ್ನೇ ಓದಬೇಕು. ಮೈದುನನ ಮುಂದೆ ಸಂಶೋಧನೆಯ ಒಪ್ಪಿಗೆ ಪತ್ರ ಬಂದಾಗ "ಮೈಯ ಚೂರು ಯಾರ ಕೈಗೋ ಏಕೆ?" ಎಂದು ಅತ್ತೆಯವರು ಗೊಣಗಿದರು. ಅವನು ಸಹಿ ಹಾಕಿದ. ನನಗೆ ಅದೇ ಸರಿಯೆನಿಸಿತು.

ಅಂಥ ಓದು ಇಲ್ಲೇ ಸಮೀಪದಲ್ಲಿ ನಡೆದಿದೆ. ಸಿಯಾಲ್ದಾದಿಂದ ಲೋಕಲ್ ಹತ್ತಿದರೆ ಸಿಗುವ ಕಲ್ಯಾಣಿಯ ರಾಷ್ಟ್ರೀಯ ಜೈವಿಕ-ವೈದ್ಯಕೀಯ ಜೀನೋಮಿಕ್ಸ್ ಸಂಸ್ಥೆಯವರು, ಮುಂಬಯಿಯವರೊಡನೆ ಸೇರಿ, ನಮ್ಮ ದೇಶದ ಬಾಯಿ ಕ್ಯಾನ್ಸರಿನಲ್ಲಿ ಯಾವ ಜೀನುಗಳು ಕೆಟ್ಟಿವೆಯೆಂದು 2013ರಲ್ಲಿ ಪಟ್ಟಿ ಮಾಡಿದರು. ಆ ಸಂಸ್ಥೆಯ ಸ್ಥಾಪಕ ನಿರ್ದೇಶಕ ಪಾರ್ಥ ಮಜುಂದಾರರು ಓದಿದ್ದು ವೈದ್ಯಕೀಯವಲ್ಲ. ನಮ್ಮ ಕಲ್ಕತ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಸಂಖ್ಯಾಶಾಸ್ತ್ರ.