ಅರೆಪರಿಚಿತರು

ಕೆಲಸ ಕಳೆದುಕೊಂಡವನು ಮೊದಲು ನೆನೆಯುವುದು ನೆಂಟರನ್ನು. ಕೋಲಾರದ ಚಿನ್ನದ ಗಣಿಗಳು 2001ನೆಯ ಇಸವಿಯ ಫೆಬ್ರವರಿ 28ರಂದು ಮುಚ್ಚಿದಾಗ ಆ ದಾರಿಯೂ ಮುಚ್ಚಿತು. ಅಣ್ಣ, ಭಾವ, ನೆರೆಮನೆಯವನು, ಎಲ್ಲರೂ ಗಣಿಯನ್ನೇ ನಂಬಿದವರು. ಒಂದೇ ದಿನ ಸಂಬಳ ತಪ್ಪಿದವರು. ಯಾರನ್ನು ಯಾರು ಕೇಳಬೇಕು?

ಉಳಿದದ್ದು ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗುವ ರೈಲು. ಅದರಲ್ಲಿ ಪಟ್ಟಣದ ಕೆಲಸಕ್ಕೆ ಹೋಗಿಬರುವವರಿದ್ದರು. ಮುಖ ಬಲ್ಲವರು, ಹೆಸರು ಅರಿಯದವರು. ಎಲ್ಲಿ ಕಾವಲುಗಾರ ಬೇಕು, ಎಲ್ಲಿ ಫಿಟ್ಟರು ಬೇಕು ಎಂಬ ವರ್ತಮಾನ ಇಂಥವರಿಂದಲೇ ಬರಬೇಕು.

ಇದು ಗಣಿಯೂರಿನ ವಿಶೇಷವೇನೂ ಅಲ್ಲ. ಅಮೆರಿಕೆಯ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ ಅವರು ಬಾಸ್ಟನ್ ಬಳಿಯ ನ್ಯೂಟನ್ ಎಂಬಲ್ಲಿ, ಪರಿಚಯದವರ ಮೂಲಕ ಕೆಲಸ ಪಡೆದವರನ್ನು ವಿಚಾರಿಸಿ 1973ರಲ್ಲಿ ಲೆಕ್ಕ ಪ್ರಕಟಿಸಿದರು. ಸುದ್ದಿ ಕೊಟ್ಟವನನ್ನು ಪದೇಪದೇ ಕಾಣುತ್ತಿದ್ದವರು ನೂರಕ್ಕೆ 17 ಮಂದಿ ಮಾತ್ರ. ಅಪರೂಪವಾಗಿ ಕಾಣುತ್ತಿದ್ದವರು 28. ಮಿಕ್ಕವರು ಆಗೊಮ್ಮೆ ಈಗೊಮ್ಮೆ. ಆಪ್ತರಲ್ಲಿ ಪ್ರೀತಿಗೆ ಕೊರತೆಯೆಂದಲ್ಲ. ಅವರಿಗೆ ತಿಳಿದದ್ದು ಇವನಿಗೂ ತಿಳಿದೇ ಇರುತ್ತದೆ.

ಲೆಕ್ಕದಲ್ಲಿ ಕಾಣದುದು ಕೇಳುವವನ ಸಂಕೋಚ. ಮೂರು ಸಾವಿರ ಮೀಟರಿಗೂ ಕೆಳಗೆ ಬಂಡೆ ಕೊರೆದ ಗೃಹಸ್ಥ, ಮಗನ ವಯಸ್ಸಿನವನೆದುರು ಕುಳಿತು ಮಳೆಯ ಮಾತನ್ನೂ ಬೆಲೆಯ ಮಾತನ್ನೂ ಆಡುತ್ತಾನೆ. ಕೆಲಸದ ಮಾತು ಮಾತ್ರ ಗಂಟಲಲ್ಲಿಯೇ ನಿಲ್ಲುತ್ತದೆ. ಬಂಗಾರಪೇಟೆ ದಾಟಿತು, ಮಾಲೂರು ದಾಟಿತು. ವೈಟ್‌ಫೀಲ್ಡಿನಲ್ಲಿ ಇಳಿಯಲೆಂದು ಎದ್ದ ಹುಡುಗನೇ ತಿರುಗಿ, “ನಮ್ಮಲ್ಲಿ ರಾತ್ರಿ ಪಾಳಿಗೆ ಒಬ್ಬರು ಬೇಕಂತೆ, ಬರುತ್ತೀರಾ?” ಎಂದು ಕೇಳಿದರೆ, ಇವನಿಗೆ ಉತ್ತರ ಹೊರಡದು; ಕೈಚೀಲವೆತ್ತಿಕೊಂಡು ಅವನ ಹಿಂದೆಯೇ ಇಳಿಯುತ್ತಾನೆ.